ಎರಡು ಜೀವದವಳ ಊಟ

(ವಾಚನಾಲಯದ ಮಹಿಳಾ ಕೂಟದಲ್ಲಿ ಮಾಡಿದ ಭಾಷಣ)



ಈ ನಗರದ ನಿಲೋಫರ್ ಆಸ್ಪತ್ರೆಯನ್ನು ತಾವೆಲ್ಲರೂ ಬಲ್ಲಿರಿ. 1949ರಲ್ಲಿ ರಾಜಕುಮಾರಿ ನಿಲೋಫರ್ ಅವರ ಸೇವಕಿಯೊಬ್ಬಳು ಹೆರಿಗೆಯಲ್ಲಿ ತೀರಿಕೊಂಡಳು. ಆ ದುಃಖದಿಂದ ಹುಟ್ಟಿದ ಆಸ್ಪತ್ರೆ 1953ರಲ್ಲಿ ಬಾಗಿಲು ತೆರೆಯಿತು. ಆಗ ಆರೈಕೆ ಸಿಗದೆ ಬಸುರಿಯರು ಸಾಯುತ್ತಿದ್ದರು. ಈಗ ಆಸ್ಪತ್ರೆಗಳು ಹತ್ತಿರದಲ್ಲಿಯೇ ಇವೆ. ಆದರೂ ತಿಳಿಯದೆ ಕೆಡುವುದು ನಿಂತಿಲ್ಲ. ಅಂಥ ಒಂದು ವಿಷಯವನ್ನು ಇಂದು ಅರಿಕೆ ಮಾಡಿಕೊಳ್ಳುವೆನು. ಅದು ಬಸುರಿಯ ಅತಿತೂಕ.

ನಾನು ದಾದಿಯಾಗಿದ್ದಾಗ ಬೀದರ ಕಡೆಯ ಹುಡುಗಿಯೊಬ್ಬಳು ಎಂಟನೆಯ ತಿಂಗಳಲ್ಲಿ ಬಂದಳು. ಮುಖ ಬಾತಿತ್ತು, ತಲೆ ಸಿಡಿಯುತ್ತಿತ್ತು, ರಕ್ತದ ಒತ್ತಡ ಏರಿತ್ತು. "ಇಷ್ಟು ದಿನ ಯಾಕಮ್ಮ ಬರಲಿಲ್ಲ?" ಎಂದೆ. ಮೊದಲ ಸಲ ತೋರಿಸಲು ಹೋದ ಕಡೆ ಯಾರೋ ಅವಳ ಮೈಯನ್ನು ನೋಡಿ ನಕ್ಕರಂತೆ. ನಾಚಿಕೆಯಿಂದ ಮತ್ತೆ ಅವಳು ತಕ್ಕಡಿ ಹತ್ತಲಿಲ್ಲ. ಮನೆಯಲ್ಲಿ ಅತ್ತೆ, "ನೀನು ಎರಡು ಜೀವದವಳು, ಇಬ್ಬರ ಊಟ ಉಣ್ಣು" ಎಂದು ಅಕ್ಕರೆಯಿಂದಲೇ ಬಡಿಸಿದರು. ದೇವರ ದಯೆಯಿಂದ ತಾಯಿ ಮಗು ಉಳಿದರು. ಒಬ್ಬರ ನಗೆ, ಇನ್ನೊಬ್ಬರ ಅಕ್ಕರೆ, ಎರಡೂ ಸೇರಿ ಅವಳನ್ನು ಆ ಗಂಡಾಂತರಕ್ಕೆ ತಂದಿದ್ದವು.

ಇದು ಅಪರೂಪದ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 24 ಹೆಂಗಸರು ಅತಿತೂಕದವರು. ತೆಲಂಗಾಣದಲ್ಲಿಯೂ ಕರ್ನಾಟಕದಲ್ಲಿಯೂ ಸುಮಾರು 30.

ಲೆಕ್ಕ ಸುಲಭವಾದುದು. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಬೇಕು. ಒಂದೂವರೆ ಮೀಟರ್ ಎತ್ತರದವಳು ಬಸುರಿಗೆ ಮೊದಲು 63 ಕಿಲೋ ಇದ್ದರೆ ಉತ್ತರ 28. ನಮ್ಮ ದೇಶದವರಿಗೆ 23 ದಾಟಿದರೆ ಅತಿತೂಕ, 25 ಮುಟ್ಟಿದರೆ ಬೊಜ್ಜು. ಇಂಥವರಲ್ಲಿ ರಕ್ತದೊತ್ತಡ, ಬಸುರಿನ ಸಕ್ಕರೆ ಕಾಯಿಲೆ, ದೊಡ್ಡ ಮಗು, ಸಿಸೇರಿಯನ್ ಹೆರಿಗೆ, ಗಾಯ ಕೀವಾಗುವುದು, ಇವುಗಳ ಸಂಭವ ಹೆಚ್ಚು. ಮೈ ತುಂಬಿದ್ದ ಮಾತ್ರಕ್ಕೆ ರಕ್ತ ತುಂಬಿದೆಯೆಂದೂ ತಿಳಿಯಬಾರದು. ದಪ್ಪಗಿರುವವರಿಗೂ ರಕ್ತಹೀನತೆ ಉಂಟು; ಕಬ್ಬಿಣದ ಮಾತ್ರೆ ಅವರಿಗೂ ಬೇಕು.

ಹಾಗೆಂದು ಉಪವಾಸ ಕೂಡದು. ಬಸುರಿಯಲ್ಲಿ ತೂಕ ಇಳಿಸುವ ಪ್ರಯತ್ನವೂ ಸಲ್ಲದು. ನಮ್ಮ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಇಲ್ಲಿಗೆ ಬಂದಿತು. ಬಸುರಿಗೆ ದಿನಕ್ಕೆ 350 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಸಾಕೆಂಬುದು ಅದರ ಲೆಕ್ಕ. ಅಂದರೆ ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಬೇಳೆ. ಇನ್ನೊಬ್ಬರ ಪೂರ್ತಿ ಊಟವಲ್ಲ. ಪುಂಡಿಪಲ್ಯ, ಮೊಳಕೆಕಾಳು, ಮಜ್ಜಿಗೆ, ಹಣ್ಣು ಇರಲಿ. ಸಂಜೆಯ ಸಿಹಿ ಚಹಾ, ಉಸ್ಮಾನಿಯಾ ಬಿಸ್ಕತ್ತು ಕಡಮೆಯಾಗಲಿ. ವೈದ್ಯರು ಬೇಡವೆನ್ನದಿದ್ದರೆ ದಿನಾ ಅರ್ಧ ಗಂಟೆ ನಡೆಯಬೇಕು.

ಸಾಮಾನ್ಯ ಮೈಕಟ್ಟಿನವರಿಗೆ ಒಂಬತ್ತು ತಿಂಗಳಲ್ಲಿ 10ರಿಂದ 12 ಕಿಲೋ ಏರಿದರೆ ಸರಿ. ಮೇಲಿನ ಲೆಕ್ಕದಲ್ಲಿ 30 ಮುಟ್ಟಿದವರಿಗೆ 5ರಿಂದ 9 ಕಿಲೋ ಸಾಕೆಂದು 2009ರ ಅಮೆರಿಕದ ಸೂಚನೆ ಹೇಳುತ್ತದೆ. ನಿಮಗೆ ಎಷ್ಟು ಎಂಬುದನ್ನು ವೈದ್ಯರನ್ನೇ ಕೇಳಿರಿ. ಕೇಳಲು ಸಂಕೋಚ ಬೇಡ. ಸಕ್ಕರೆ ಪರೀಕ್ಷೆ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ ಆಗಬೇಕು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಬಾವು, ಹೊಟ್ಟೆಯ ಮೇಲ್ಭಾಗದ ನೋವು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿರಿ.

ಕೊನೆಯದಾಗಿ ಎರಡು ವಿಜ್ಞಾಪನೆ. ನಮ್ಮ ಹೆಣ್ಣುಮಕ್ಕಳಿಗೆ ಇಲ್ಲಿ ಸಿಗುವ ತಾಯಿ ಕಾರ್ಡು ತೆಲುಗಿನಲ್ಲಿರುತ್ತದೆ. ಲಿಪಿ ನಮ್ಮದಕ್ಕೆ ಹತ್ತಿರವಾದರೂ ಕಲಬುರಗಿಯಿಂದ ಹೊಸದಾಗಿ ಬಂದ ಸೊಸೆಗೆ ಅದು ಅರ್ಥವಾಗದು. ಕಾರ್ಡನ್ನು ಈ ವಾಚನಾಲಯಕ್ಕೆ ತನ್ನಿರಿ. ತೂಕ, ಒತ್ತಡ, ಸಕ್ಕರೆ, ಈ ಮೂರು ಸಾಲುಗಳನ್ನು ಕೂತು ಓದಿ ತಿಳಿಸಿಕೊಡುವೆವು. ಎರಡನೆಯದು ಹಿರಿಯರಿಗೆ: ಮುಂದಿನ ಕುಬಸದಲ್ಲಿ ಉಡಿ ತುಂಬುವಾಗ ಆ ಹುಡುಗಿಯ ಮೈಯನ್ನು ಆಡಿಕೊಳ್ಳಬೇಡಿರಿ. "ಈ ತಿಂಗಳು ತೋರಿಸಿಕೊಂಡು ಬಂದೆಯೇನಮ್ಮ?" ಎಂದು ಕೇಳಿರಿ. ತೋರಿಸಿಲ್ಲವಾದರೆ ಮರುದಿನ ಜೊತೆಯಲ್ಲಿ ಹೋಗಿರಿ.