ಮಕ್ಕಳ ಮೌನಕ್ಕೆ ಕಿವಿಗೊಡೋಣ

(ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಪೋಷಕರ ಮುಂದೆ ಮಾಡಿದ ಭಾಷಣದ ಸಾರಾಂಶ)



ಕೊರೋನಾ ಕಾಲವನ್ನು ನಾವು ಮರೆಯತೊಡಗಿದ್ದೇವೆ. ಅಂದು ಸತ್ತವರನ್ನು ಎಣಿಸಿದೆವು, ವ್ಯಾಪಾರದ ನಷ್ಟವನ್ನು ಲೆಕ್ಕ ಹಾಕಿದೆವು. ಆದರೆ ಹದಿಹರೆಯದಲ್ಲಿದ್ದ ನಮ್ಮ ಮಕ್ಕಳ ಮನಸ್ಸಿಗೆ ಏನಾಯಿತೆಂದು ಕೇಳಲಿಲ್ಲ. ಅವರೀಗ ದುಡಿಯುವ, ವಿವಾಹವಾಗುವ ವಯಸ್ಸಿಗೆ ಬಂದಿದ್ದಾರೆ. ಇಂದಾದರೂ ಕೇಳಬೇಕಾಗಿದೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ನೇಕಾರರ ಮನೆಗಳಿಗೆ, ಮಗ್ಗಗಳಿಗೆ ನೀರು ನುಗ್ಗಿತು. ಅವರು ಚೇತರಿಸಿಕೊಳ್ಳುವ ಮುನ್ನವೇ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಸವದತ್ತಿಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಬರುವ ಜನರನ್ನೇ ನಂಬಿದ್ದ ಸಣ್ಣ ವ್ಯಾಪಾರ ನಿಂತಿತು. ಬೈಲಹೊಂಗಲ, ಕಿತ್ತೂರುಗಳಲ್ಲಿಯೂ ದಿನಗೂಲಿಯವರ ಒಲೆ ತಣ್ಣಗಾಯಿತು. ಶಾಲೆ ಮುಚ್ಚಿ ಪಾಠ ಮೊಬೈಲಿಗೆ ಬಂದಾಗ, ಮನೆಯ ಒಂದೇ ಮೊಬೈಲು ಮಗನ ಪಾಲಾಯಿತು. ಎಷ್ಟೋ ಹೆಣ್ಣುಮಕ್ಕಳ ಓದು ಅಲ್ಲಿಗೇ ನಿಂತಿತು.

ಇದರ ಮೇಲೆ ಇನ್ನೊಂದು ಗಾಯ. ತಬ್ಲೀಗಿ ಜಮಾಅತ್‌ನ ನೆಪದಲ್ಲಿ ಕೆಲವು ಟಿವಿ ವಾಹಿನಿಗಳು ಇಡೀ ಸಮುದಾಯವನ್ನೇ ರೋಗ ಹರಡುವವರೆಂದು ಚಿತ್ರಿಸಿದವು. 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ತನ್ನ ಮುಂದಿದ್ದ ವಿದೇಶಿ ತಬ್ಲೀಗಿಗಳ ಮೇಲಿನ ಎಫ್‌ಐಆರ್‌ಗಳನ್ನು ರದ್ದುಪಡಿಸಿತು. ಅವರನ್ನು ಬಲಿಪಶು ಮಾಡಲಾಯಿತೆಂಬ ಅಭಿಪ್ರಾಯ ವ್ಯಕ್ತಪಡಿಸಿತು. ಮೊಕದ್ದಮೆ ರದ್ದಾಯಿತು; ಆದರೆ ಓಣಿಯ ಗೆಳೆಯ ಮುಖ ತಿರುಗಿಸಿದ ನೆನಪು ನಮ್ಮ ಹುಡುಗರ ಮನಸ್ಸಿನಿಂದ ರದ್ದಾಗಲಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ ದೇಶದಲ್ಲಿ ಆತ್ಮಹತ್ಯೆಗೀಡಾದ ವಿದ್ಯಾರ್ಥಿಗಳ ಸಂಖ್ಯೆ 2019ರಲ್ಲಿ 10,335, 2020ರಲ್ಲಿ 12,526. ಎಲ್ಲಕ್ಕೂ ಸಾಂಕ್ರಾಮಿಕವೇ ಕಾರಣವೆನ್ನಲಾಗದು. ಆದರೆ ಈ ಅಂಕಿಗಳ ಮುಂದೆ ನಿಶ್ಚಿಂತರಾಗಿರಲೂ ಆಗದು.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ನಿದ್ದೆ ಬರುತ್ತಿಲ್ಲವೆಂದ ಮಗನಿಗೆ, ನಿನ್ನ ಈಮಾನ್ ದುರ್ಬಲವಾಗಿದೆ ಎಂದೆವು. ಮಂಕಾಗಿ ಕುಳಿತ ಮಗಳಿಗೆ ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದೆವು. ವೈದ್ಯರಲ್ಲಿಗೆ ಕರೆದೊಯ್ದರೆ ವಿವಾಹ ಸಂಬಂಧ ತಪ್ಪೀತೆಂದು ಅಂಜಿದೆವು. ನಮಾಝ್ ಮನಸ್ಸಿಗೆ ನೆಮ್ಮದಿ ನೀಡುತ್ತದೆ, ಸಂಶಯವಿಲ್ಲ. ಆದರೆ ಸಕ್ಕರೆ ಕಾಯಿಲೆಗೆ ದುಆದ ಜೊತೆ ಔಷಧವನ್ನೂ ಸೇವಿಸುವ ನಾವು ಮನಸ್ಸಿನ ಕಾಯಿಲೆಗೆ ಮಾತ್ರ ಔಷಧ ಬೇಡವೆನ್ನುವುದೇಕೆ?

ಪ್ರವಾದಿ ಯಾಕೂಬ್(ಅ)ರು ಪುತ್ರನ ಅಗಲಿಕೆಯ ದುಃಖದಲ್ಲಿ ದೃಷ್ಟಿಯನ್ನೇ ಕಳೆದುಕೊಂಡರು. ಪ್ರವಾದಿ ಮುಹಮ್ಮದ್(ಸ)ರು ಪುಟ್ಟ ಮಗ ಇಬ್ರಾಹೀಮರ ಮರಣದಲ್ಲಿ ಕಣ್ಣೀರಿಟ್ಟರು. ಅವರ ಈಮಾನ್ ದುರ್ಬಲವಾಗಿತ್ತೆನ್ನಲು ಯಾರಿಗೆ ಧೈರ್ಯವಿದೆ? ಚಿಕಿತ್ಸೆ ಪಡೆಯಿರೆಂದು ಕಲಿಸಿದವರೂ ಪ್ರವಾದಿ(ಸ)ರೇ.

ಆದುದರಿಂದ ಮಕ್ಕಳೊಡನೆ ಕುಳಿತುಕೊಳ್ಳೋಣ. ಉಪದೇಶಕ್ಕೆ ಮೊದಲು ಅವರ ಮಾತು ಕೇಳೋಣ. ಜುಮಾ ಖುತ್ಬಾದಲ್ಲಿ ಈ ವಿಷಯ ಬರಲಿ. ಧಾರವಾಡದ ಡಿಮ್ಹಾನ್ಸ್ ನಮಗೆ ದೂರವಿಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆ ಪ್ರತಿ ಮಸೀದಿಯ ಫಲಕದಲ್ಲಿರಲಿ.

ಮಕ್ಕಳು ನಮಗೆ ಅಲ್ಲಾಹನು ವಹಿಸಿದ ಅಮಾನತ್. ಅವರ ದೇಹದ ಬಗ್ಗೆ ಮಾತ್ರವಲ್ಲ, ಮನಸ್ಸಿನ ಬಗ್ಗೆಯೂ ನಾವು ಉತ್ತರಿಸಬೇಕಾಗಿದೆ. ಆ ಹೊಣೆಯನ್ನು ನಿಭಾಯಿಸುವ ಸಾಮರ್ಥ್ಯವನ್ನು ಅವನು ನಮಗೆ ದಯಪಾಲಿಸಲಿ. ಆಮೀನ್.