ಕಂಬಿ ಎಣಿಸದ ಹುಡುಗ

ಜೈಲಿಗೆ ಹೋದವನ ಬಗ್ಗೆ ನಮ್ಮಲ್ಲಿ ಎರಡು ಮಾತುಗಳಿವೆ. ಕಂಬಿ ಎಣಿಸ್ತಿದ್ದಾನೆ ಅನ್ನುತ್ತೇವೆ, ಇಲ್ಲವೇ ಮುದ್ದೆ ಮುರೀತಿದ್ದಾನೆ ಅನ್ನುತ್ತೇವೆ. ಒಳಗೆ ಹೋದವನಿಗೆ ಉಣ್ಣುವುದು, ದಿನ ನೂಕುವುದು ಬಿಟ್ಟರೆ ಬೇರೆ ಕೆಲಸವಿಲ್ಲ ಎಂಬ ನಂಬಿಕೆ ಎರಡರಲ್ಲೂ ಇದೆ. ಆ ನಂಬಿಕೆಯನ್ನು ಸುಳ್ಳು ಮಾಡಿದ ಹುಡುಗನೊಬ್ಬನ ಕತೆ ಹೇಳುತ್ತೇನೆ, ಕೇಳಿ. ಹುಡುಗ ಅಂದೆ, ಯಾಕೆಂದರೆ ಶಿಕ್ಷೆಯಾದಾಗ ಅವನಿಗೆ 20 ವರ್ಷ. ನಿಮ್ಮಲ್ಲಿ ಬಹಳ ಜನರ ವಯಸ್ಸು.

ಅಮೆರಿಕದ ಬಾಸ್ಟನ್ ನಗರ, 1946ರ ಜನವರಿ. ಮಾಲ್ಕಮ್ ಲಿಟಲ್ ಎಂಬ ಕಪ್ಪು ಯುವಕ ಕದ್ದ ಗಡಿಯಾರವೊಂದನ್ನು ರಿಪೇರಿಗೆ ಕೊಟ್ಟಿದ್ದ. ಅದನ್ನು ಬಿಡಿಸಿಕೊಳ್ಳಲು ಹೋದವನು ಪೊಲೀಸರ ಕೈಗೆ ಸಿಕ್ಕಿಬಿದ್ದ. ಮನೆಗಳಿಗೆ ಕನ್ನ ಹಾಕಿದ್ದಕ್ಕೆ 8ರಿಂದ 10 ವರ್ಷ ಸಜೆ. ಆರನೇ ವಯಸ್ಸಿಗೆ ಅಪ್ಪ ಇಲ್ಲವಾಗಿದ್ದ. ಅಮ್ಮನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದರು. ಎಂಟನೇ ತರಗತಿಯಲ್ಲಿದ್ದಾಗ, ವಕೀಲನಾಗುತ್ತೇನೆ ಅಂದವನಿಗೆ ಮೇಷ್ಟ್ರು, ಕಪ್ಪು ಹುಡುಗನಿಗೆ ಅದು ಆಗುವ ಮಾತಲ್ಲ, ಬಡಗಿ ಕೆಲಸ ನೋಡಿಕೋ ಅಂದರಂತೆ. ಓದು ಅಲ್ಲಿಗೆ ನಿಂತಿತು. ಮುಂದಿನ ಪಾಠವನ್ನು ಬೀದಿ ಮಾಡಿತು.

ಮೊದಲು ಹಾಕಿದ್ದು ಚಾರ್ಲ್ಸ್‌ಟೌನ್ ಜೈಲಿಗೆ. 1805ರ ಕಟ್ಟಡ, ಕೋಣೆಯಲ್ಲಿ ನಲ್ಲಿ ಇಲ್ಲ, ಶೌಚಕ್ಕೆ ಒಂದು ಬಕೆಟ್. ದೇವರನ್ನು, ಧರ್ಮವನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದುದರಿಂದ ಜೊತೆಯ ಕೈದಿಗಳು ಅವನಿಗೆ ಸೈತಾನ ಅಂತಲೇ ಹೆಸರಿಟ್ಟಿದ್ದರು. ಅಲ್ಲಿ ಬಿಂಬಿ ಎಂದು ಎಲ್ಲರೂ ಕರೆಯುತ್ತಿದ್ದ ಹಳೆಯ ಕೈದಿಯೊಬ್ಬನಿದ್ದ. ಅವನು ಮಾತಿಗೆ ನಿಂತರೆ ಕಾವಲಿನವರೂ ನಿಂತು ಕೇಳುತ್ತಿದ್ದರು. ತೋಳಿನ ಬಲದಿಂದಲ್ಲ, ಬರೀ ಮಾತಿನಿಂದ ಮರ್ಯಾದೆ ಗಳಿಸಿದ ಮನುಷ್ಯನನ್ನು ಮಾಲ್ಕಮ್ ಕಂಡದ್ದು ಅದೇ ಮೊದಲು. ನಿನಗೆ ತಲೆ ಇದೆ, ಲೈಬ್ರರಿ ಬಳಸಿಕೋ ಅಂತ ಬಿಂಬಿ ಹೇಳಿದ. ಒಬ್ಬ ಕೈದಿ ಇನ್ನೊಬ್ಬ ಕೈದಿಗೆ ಹೇಳಿದ ಮಾತು ಅದು. ಮೇಷ್ಟ್ರು ಆಡದೆ ಹೋದ ಮಾತು.

ಎರಡು ವರ್ಷದ ಮೇಲೆ, ಅಕ್ಕ ಎಲ್ಲಾಳ ಓಡಾಟದಿಂದ ಅವನಿಗೆ ನಾರ್ಫೋಕ್ ಜೈಲಿಗೆ ವರ್ಗವಾಯಿತು. ಕಾಗದ ಬರೆಯಲು ಕೂತರೆ ನೆಟ್ಟಗೆ ಒಂದು ವಾಕ್ಯ ಬರುತ್ತಿರಲಿಲ್ಲ. ಬೀದಿಯಲ್ಲಿ ಮಾತಿನ ಮಲ್ಲನಾಗಿದ್ದವನಿಗೆ ಇದು ದೊಡ್ಡ ಅವಮಾನ. ಪುಸ್ತಕ ತೆರೆದರೆ ಅರ್ಧಕ್ಕರ್ಧ ಪದ ಗೊತ್ತಿಲ್ಲ. ಜೈಲಿನ ಶಾಲೆಯಿಂದ ಒಂದು ನಿಘಂಟು, ಒಂದಷ್ಟು ಹಾಳೆ, ಪೆನ್ಸಿಲ್ ಕೇಳಿ ತಂದ. ಎರಡು ದಿನ ಸುಮ್ಮನೆ ಪುಟ ತಿರುವಿದ. ಇಷ್ಟೊಂದು ಪದಗಳಲ್ಲಿ ಯಾವುದನ್ನು ಕಲಿಯುವುದು? ಕೊನೆಗೆ, ಏನಾದರೂ ಶುರು ಮಾಡಬೇಕಲ್ಲ ಅಂತ, ಮೊದಲ ಪುಟದಿಂದ ಬರೆಯತೊಡಗಿದ. ಅಲ್ಪವಿರಾಮ, ಪೂರ್ಣವಿರಾಮವನ್ನೂ ಬಿಡದೆ, ಮುದ್ರಿಸಿದ್ದನ್ನೆಲ್ಲ ಸೊಟ್ಟ ಅಕ್ಷರದಲ್ಲಿ ನಕಲು ಮಾಡಿದ. ಒಂದು ಪುಟಕ್ಕೆ ಒಂದು ದಿನ ಹಿಡಿಯಿತು. ಬರೆದದ್ದನ್ನು ತನಗೆ ತಾನೇ ಗಟ್ಟಿಯಾಗಿ ಓದಿಕೊಂಡ. ಮಾರನೆಯ ದಿನ ಏಳುವಾಗಲೂ ಅವೇ ಪದಗಳು ತಲೆಯಲ್ಲಿ. ಗೆದ್ದಲು ತಿಂದು ಬದುಕುವ ಆರ್ಡ್‌ವಾರ್ಕ್ ಎಂಬ ಆಫ್ರಿಕದ ಪ್ರಾಣಿ ಆ ಮೊದಲ ಪುಟದಲ್ಲಿತ್ತು. ಅದು ಅವನಿಗೆ ವರ್ಷಗಟ್ಟಲೆ ಮರೆಯಲಿಲ್ಲ. ಎ ಅಕ್ಷರದ ಪದಗಳಿಗೇ ಒಂದು ಬರೆಯುವ ಪುಸ್ತಕ ತುಂಬಿತು. ಮುಂದೆ ಬಿ. ಹೀಗೇ ಇಡೀ ನಿಘಂಟು.

ನಮ್ಮ ಹಳೆಯ ಮಠಗಳಲ್ಲಿ ಮಕ್ಕಳಿಗೆ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಬರೆದ ಅಕ್ಷರದ ಮೇಲೆ ಮತ್ತೆ ಮತ್ತೆ ಬೆರಳಾಡಿಸುವುದು ಕನ್ನಡದಲ್ಲಿ ತಿದ್ದುವುದು. ತಪ್ಪು ಸರಿಮಾಡಿಕೊಳ್ಳುವುದು ತಿದ್ದಿಕೊಳ್ಳುವುದು. ನಾರ್ಫೋಕ್‌ನ ಆ ಕೋಣೆಯಲ್ಲಿ ಎರಡೂ ಒಟ್ಟಿಗೇ ನಡೆದವು.

ರಾತ್ರಿ ಹತ್ತಕ್ಕೆ ದೀಪ ಆರಿಸುತ್ತಿದ್ದರು. ಹೊರಗಿನ ಓಣಿಯ ದೀಪದ ಮಂದ ಬೆಳಕು ಬಾಗಿಲ ಬಳಿ ನೆಲಕ್ಕೆ ಬೀಳುತ್ತಿತ್ತು. ಅಲ್ಲೇ ಕೂತು ಓದುತ್ತಿದ್ದ. ಗಂಟೆಗೊಮ್ಮೆ ಕಾವಲಿನವನ ಬೂಟಿನ ಸದ್ದು ಕೇಳಿದರೆ ಹಾಸಿಗೆಗೆ ಹಾರಿ ನಿದ್ದೆ ನಟಿಸುವುದು, ಅವನು ಅತ್ತ ಹೋದರೆ ಮತ್ತೆ ನೆಲಕ್ಕಿಳಿಯುವುದು. ಹೀಗೆ ಬೆಳಗಿನ ಜಾವ ಮೂರು, ನಾಲ್ಕರವರೆಗೆ. ಕಣ್ಣು ಕೆಟ್ಟು ಕನ್ನಡಕ ಬಂದದ್ದು ಆ ಬೆಳಕಿನಿಂದಲೇ ಅಂತ ಅವನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. (ಇದೊಂದನ್ನು ಮಾತ್ರ ಅನುಸರಿಸಬೇಡಿ, ನಿಮಗೆ ದೀಪಕ್ಕೆ ಬರವಿಲ್ಲ.)

ಇದನ್ನು ಬರೀ ಛಲದ ಕತೆಯಾಗಿ ಹೇಳುವವರ ಜೊತೆ ನನಗೆ ಸ್ವಲ್ಪ ಜಗಳವಿದೆ. ಛಲವೇನೋ ಚಾರ್ಲ್ಸ್‌ಟೌನ್‌ನಲ್ಲೂ ಅವನಿಗಿತ್ತು, ಆದರೆ ಈ ಬದುಕು ಅರಳಿದ್ದು ನಾರ್ಫೋಕ್‌ನಲ್ಲಿ. ಕೈದಿಗಳನ್ನು ತಿದ್ದಬೇಕೆಂಬ ಉದ್ದೇಶದಿಂದಲೇ ಕಟ್ಟಿದ ಜೈಲು ಅದು. ಶ್ರೀಮಂತರೊಬ್ಬರು ಬಿಟ್ಟುಹೋದ ಸಾವಿರಾರು ಪುಸ್ತಕಗಳ ಗ್ರಂಥಾಲಯ ಅಲ್ಲಿತ್ತು. ಕೈದಿಗಳ ಚರ್ಚಾಕೂಟವಿತ್ತು, ಆ ಕೂಟದಲ್ಲಿ ವಾದಕ್ಕೆ ನಿಂತೇ ಮಾಲ್ಕಮ್ ಭಾಷಣ ಕಲಿತ. ಬೀಜಕ್ಕೆ ಜೀವವಿದ್ದರೆ ಸಾಲದು, ಹದವಾದ ಮಣ್ಣೂ ಬೇಕು.

1952ರ ಆಗಸ್ಟ್‌ನಲ್ಲಿ, ಆರೂವರೆ ವರ್ಷ ಕಳೆದು ಹೊರಬಂದವನು ಮಾಲ್ಕಮ್ ಎಕ್ಸ್. ಅವನ ಮಾತಿಗೆ ಅಮೆರಿಕ ನಡುಗಿತು. ಜೈಲಿನಲ್ಲೇ ಸೇರಿಕೊಂಡಿದ್ದ ನೇಷನ್ ಆಫ್ ಇಸ್ಲಾಂ ಸಂಘಟನೆಯ ಪ್ರಭಾವದಲ್ಲಿ, ಬಿಳಿಯರೆಲ್ಲ ಪಿಶಾಚಿಗಳು ಅಂತಲೂ ವರ್ಷಗಟ್ಟಲೆ ಸಾರಿದ. ಅದನ್ನು ಮುಚ್ಚಿಡಬೇಕಿಲ್ಲ. ನನಗೆ ಅವನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮುಂದಿನದು: 1964ರಲ್ಲಿ ಮೆಕ್ಕಾ ಯಾತ್ರೆಗೆ ಹೋದಾಗ ಎಲ್ಲ ಬಣ್ಣದವರೂ ಒಂದೇ ಪಂಕ್ತಿಯಲ್ಲಿ ಉಣ್ಣುವುದನ್ನು ಕಂಡ, ಬಿಳಿಯರ ಬಗ್ಗೆ ತಾನು ಹೇಳುತ್ತ ಬಂದದ್ದು ತಪ್ಪು ಅಂತ ಲೋಕಕ್ಕೆಲ್ಲ ಕಾಗದ ಬರೆದು ಹೇಳಿದ. ಮರುವರ್ಷ ಫೆಬ್ರವರಿ 21ರಂದು ನ್ಯೂಯಾರ್ಕಿನ ವೇದಿಕೆಯ ಮೇಲೆ ಗುಂಡಿಗೆ ಬಲಿಯಾದಾಗ ಅವನಿಗೆ 39. ಒಮ್ಮೆ ತಿದ್ದಲು ಕಲಿತ ಕೈ ಕೊನೆಯವರೆಗೂ ತಿದ್ದುತ್ತಲೇ ಇತ್ತು.

ಇದೆಲ್ಲ ದೂರದ ಮಾತಾಯಿತು ಅನ್ನಬೇಡಿ. ಮೈಸೂರು ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ನಮ್ಮದೇ ಜೈಲುಗಳಿಗೆ ಹೋಗಿ ಕೈದಿಗಳಿಂದ ನಾಟಕ ಆಡಿಸಿದರು. ಅವರು ಎತ್ತಿಕೊಂಡ ನಾಟಕಗಳಲ್ಲೊಂದು, ಮ್ಯಾಕ್‌ಬೆತ್‌ ಅನ್ನು ಎಚ್.ಎಸ್. ಶಿವಪ್ರಕಾಶ್ ಕನ್ನಡದ ಮಣ್ಣಿಗೆ ಇಳಿಸಿದ ಮಾರನಾಯಕನ ಕತೆ. ಪಟ್ಟದ ಆಸೆಗೆ ಕೊಲೆ ಮಾಡಿ, ಆ ನೆತ್ತರಿನ ನೆನಪಿನಿಂದ ತಪ್ಪಿಸಿಕೊಳ್ಳಲಾಗದವನ ಪಾತ್ರಕ್ಕೆ ಸಜಾ ಕೈದಿಗಳೇ ಬಣ್ಣ ಹಚ್ಚಿದರು. ಇದು ಮನರಂಜನೆಯೇ? ಸುಧಾರಣೆ ಅಂದರೆ ಅಪರಾಧವನ್ನು ಮರೆಯುವುದು ಅಂದುಕೊಂಡವರು ಆ ನಾಟಕದ ಬಗ್ಗೆ ಯೋಚಿಸಲಿ. ಅಲ್ಲಿ ಅಪರಾಧವನ್ನು ದಿನವೂ ತಾಲೀಮಿನಲ್ಲಿ ಎದುರು ನಿಲ್ಲಿಸಿಕೊಂಡು ನೋಡಬೇಕು. ಇನ್ನು ಅಂಥ ಅಪರಾಧಕ್ಕೆ ಬೀಳುವ ಜೀವಾವಧಿ ಶಿಕ್ಷೆ ಅಂದರೆ ಕಾನೂನಿನಲ್ಲಿ ಬದುಕಿರುವಷ್ಟು ಕಾಲ. ಕೊಲೆಯಂಥ ಅಪರಾಧಕ್ಕೆ ಅದು ಬಿದ್ದವನ ಬಿಡುಗಡೆಯ ವಿಚಾರ ಸಾಮಾನ್ಯವಾಗಿ 14 ವರ್ಷಕ್ಕೆ ಮೊದಲು ಬರುವುದಿಲ್ಲ. ರಾಮನ ವನವಾಸದಷ್ಟು ದಿನ. ಅಷ್ಟು ಕಾಲವನ್ನು ಕಂಬಿ ಎಣಿಸಿ ಮುಗಿಸಲಾಗದು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ನಿಮ್ಮ ಬಾಗಿಲಿಗೆ ಹೊರಗಿನಿಂದ ಯಾರೂ ಬೀಗ ಹಾಕಿಲ್ಲ. ಆದರೂ ಮಾರ್ಕ್ಸ್ ಬರಲಿಲ್ಲ, ಇಂಗ್ಲಿಷ್ ಬರಲ್ಲ, ವಯಸ್ಸು ಮೀರಿತು ಅಂತ ಕೂತಲ್ಲೇ ಕೂತ ಎಷ್ಟು ಹುಡುಗ ಹುಡುಗಿಯರನ್ನು ನಾನು ಕಂಡಿಲ್ಲ! ಎದ್ದೇಳಿ. ಗೊತ್ತಿಲ್ಲದ ಪದಗಳ ಮುಂದೆ ಎರಡು ದಿನ ಬೆಪ್ಪಾಗಿ ಕೂರುವ ಹಕ್ಕು ನಿಮಗೂ ಇದೆ; ಮೂರನೆಯ ದಿನ ಪೆನ್ಸಿಲ್ ಹಿಡಿಯಿರಿ. ಒಂದು ಪುಟಕ್ಕೆ ಒಂದು ದಿನ ಹಿಡಿದರೆ ಹಿಡಿಯಲಿ.

ಇನ್ನೊಂದು ಕೆಲಸವೂ ನಿಮ್ಮದೇ. ನಮ್ಮ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ಇನ್ನೂ ತೀರ್ಪು ಬರದ ವಿಚಾರಣಾಧೀನರು. ಅವರಲ್ಲಿ ನಿಮ್ಮ ವಯಸ್ಸಿನವರು ತುಂಬ. ನಮ್ಮ ರಾಜ್ಯದಲ್ಲಿ ಆ ಇಲಾಖೆಯ ಹೆಸರಿನಲ್ಲೇ ಸುಧಾರಣೆ ಎಂಬ ಪದವಿದೆ. ಅದನ್ನು ನಿಜ ಮಾಡುವುದಕ್ಕೆ ಬಿಂಬಿಯಂಥ ಒಬ್ಬ ಜೊತೆಗಾರ, ಎಲ್ಲಾಳಂಥ ಒಬ್ಬ ಅಕ್ಕ, ಪುಸ್ತಕ ಕೊಡುವ ಒಂದು ಕೈ ಬೇಕು. ನಾಲ್ಕು ಗೆಳೆಯರು ಸೇರಿ ನಿಮ್ಮ ಜಿಲ್ಲೆಯ ಜೈಲಿನ ಅಧೀಕ್ಷಕರಿಗೆ ಒಂದು ಕಾಗದ ಬರೆಯಿರಿ. ಲೈಬ್ರರಿಗೆ ಯಾವ ಪುಸ್ತಕ ಬೇಕು ಅಂತ ಕೇಳಿ, ಕೊಂಡೊಯ್ದು ಕೊಡಿ. ಅವರು ಕೇಳಲಿ ಬಿಡಲಿ, ಕಟ್ಟಿನಲ್ಲಿ ಒಂದು ಕನ್ನಡ ನಿಘಂಟು, ಒಂದಷ್ಟು ಬಿಳಿ ಹಾಳೆ ಇರಲಿ.