ಟ್ಯಾಂಕಿನ ಕೆಳಗಿನ ಬಾಗಿಲು ತೆಗೆದು ನೋಡಿ



ಮೇಳದ ಉದ್ಘಾಟನೆಗೆ ಮಂತ್ರಿಗಳನ್ನೋ ಸಿನಿಮಾ ನಟರನ್ನೋ ಕರೆಯುವುದು ವಾಡಿಕೆ. ನೀವು ಮೀನಿನ ಟ್ಯಾಂಕಿಗೆ ಗಾಜು ಕತ್ತರಿಸಿ, ಸಿಲಿಕೋನ್ ಹಚ್ಚಿ, ಸ್ಟ್ಯಾಂಡಿಗೆ ವೆಲ್ಡಿಂಗ್ ಹೊಡೆದು ಬದುಕುವವನನ್ನು ಕರೆದಿದ್ದೀರಿ. ಸಂತೋಷವೇ. ಆದರೆ ಮೀನಿನ ಬಗ್ಗೆ ನಾಲ್ಕು ಮಾತಾಡಿ ಎಂದರೆ ನಾನು ಸ್ಟ್ಯಾಂಡಿನ ಬಗ್ಗೆ ಮಾತಾಡುತ್ತೇನೆ. ಅದಕ್ಕೆ ನೀವೇ ಹೊಣೆ.

ಕಾರ್ಯಕ್ರಮಕ್ಕೆ ಮುಂಚೆ ಒಂದು ಸುತ್ತು ಹಾಕಿ ಬಂದೆ. ಡಿಸ್ಕಸ್ ಇದೆ, ಅರೋವಾನ ಇದೆ, ಹಣೆ ಉಬ್ಬಿಸಿಕೊಂಡ ಫ್ಲವರ್‌ಹಾರ್ನ್ ಇದೆ. ನಮ್ಮ ಪಶ್ಚಿಮ ಘಟ್ಟದ ಹೊಳೆಯ ಮೀನು, ಎಲ್ಲರೂ ಮಿಸ್ ಕೇರಳ ಎಂದು ಕರೆಯುವ ಡೆನಿಸನ್ ಬಾರ್ಬ್ ಕೂಡ ಇದೆ. ವಿಜ್ಞಾನಿಗಳು 2013ರಲ್ಲಿ ಅದಕ್ಕೆ ಸಹ್ಯಾದ್ರಿಯಾ ಎಂಬ ಕುಲನಾಮ ಕೊಟ್ಟರು. ಅದು ಅಳಿವಿನಂಚಿನ ಪಟ್ಟಿಯಲ್ಲಿರುವ ಮೀನು. ಕೊಳ್ಳುವವರು ಹೊಳೆಯಿಂದ ಹಿಡಿದದ್ದೋ, ಮರಿ ಮಾಡಿಸಿದ್ದೋ ಎಂದು ಕೇಳಿ ಕೊಳ್ಳಿ. ಅದರ ಟ್ಯಾಂಕಿನ ಮುಂದೆ ಜನ ಮೊಬೈಲ್ ಹಿಡಿದು ನಿಂತಿದ್ದರು. ಕೆಳಗಿನ ಬಾಗಿಲು ತೆಗೆದು ನೋಡಿದವರು ಒಬ್ಬರೂ ಇಲ್ಲ. ರಭಸದ ಹೊಳೆಯಲ್ಲಿ ಬೆಳೆಯುವ ಆ ಮೀನು ಇಲ್ಲಿ ನಿಂತ ಗಾಜಿನ ಪೆಟ್ಟಿಗೆಯಲ್ಲಿ ಆರಾಮಾಗಿ ಓಡಾಡಿಕೊಂಡಿದ್ದರೆ, ಅದಕ್ಕೆ ಕಾರಣ ಆ ಬಾಗಿಲ ಹಿಂದೆ ಕತ್ತಲಲ್ಲಿ ಕೂತಿರುವ ಸಂಪು.

ಬೆಂಗಳೂರಿನವರಿಗೆ ಸಂಪು ಎಂದರೆ ಏನೆಂದು ಹೇಳಬೇಕಿಲ್ಲ. ಮನೆ ಮುಂದೆ ನೆಲದಡಿ ಸಂಪು, ತಾರಸಿ ಮೇಲೆ ಟ್ಯಾಂಕು, ನಡುವೆ ಒಂದು ಮೋಟಾರು. ಅಕ್ವೇರಿಯಂನಲ್ಲೂ ಅದೇ ವ್ಯವಸ್ಥೆ. ವ್ಯತ್ಯಾಸ ಇಷ್ಟೇ, ಇಲ್ಲಿ ನೀರು ಹಗಲೂ ರಾತ್ರಿ ಸುತ್ತುತ್ತಲೇ ಇರಬೇಕು. ಮೇಲಿನ ಟ್ಯಾಂಕಿನ ಅಂಚಿನಿಂದ ತುಳುಕಿದ ನೀರು ಪೈಪಿನಲ್ಲಿ ಇಳಿದು ಸಂಪಿಗೆ ಬರುತ್ತದೆ. ಮೊದಲ ಕೋಣೆಯ ಸ್ಪಂಜು ಕಸ ಹಿಡಿಯುತ್ತದೆ. ಎರಡನೆಯದರಲ್ಲಿ ಸೆರಾಮಿಕ್ ರಿಂಗೋ, ಬಯೋಬಾಲೋ ಇರುತ್ತದೆ. ಕಾಸು ಕಡಿಮೆ ಇದ್ದವರು ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಸ್ಕ್ರಬ್ಬರ್ ತುಂಬುತ್ತಾರೆ, ಅದೂ ನಡೆಯುತ್ತದೆ. ಕೊನೆಯ ಕೋಣೆಯ ಪಂಪು ನೀರನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ.

ಎರಡನೆಯ ಕೋಣೆಯಲ್ಲೇ ಎಲ್ಲ ನಡೆಯುವುದು. ಮೀನು ಮುಖ್ಯವಾಗಿ ಕಿವಿರುಗಳಿಂದ ಅಮೋನಿಯಾ ಹೊರಬಿಡುತ್ತದೆ. ಅದು ಮೀನಿಗೇ ವಿಷ. ರಿಂಗುಗಳ ಮೈಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಮತ್ತೊಂದಿಷ್ಟು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ನಾವು ವಾರವಾರ ನೀರು ಬದಲಿಸಿ ಹೊರಗೆ ಹಾಕುತ್ತೇವೆ. ಈ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕು, ನಲ್ಲಿ ನೀರಿನ ಕ್ಲೋರಿನ್ ಕಂಡರೆ ಆಗದು. ಹೊಳೆಯುವ ಹಾಗೆ ತೊಳೆಯುತ್ತೇನೆಂದು ರಿಂಗುಗಳನ್ನು ನಲ್ಲಿ ಕೆಳಗೆ ಹಿಡಿಯುವವರಿಗೆ ನನ್ನದೊಂದು ನಮಸ್ಕಾರ. ಟ್ಯಾಂಕಿನಿಂದಲೇ ಒಂದು ಬಕೆಟ್ ನೀರು ತೆಗೆದು ಅದರಲ್ಲಿ ಅದ್ದಿ ತೆಗೆಯಿರಿ, ಸಾಕು. ಅಮೆರಿಕದ ಹವ್ಯಾಸಿ ಪತ್ರಿಕೆಯೊಂದರಲ್ಲಿ 1986ರಲ್ಲಿ ಜಾರ್ಜ್ ಸ್ಮಿಟ್ ಬರೆದ ಲೇಖನಮಾಲೆ ಸಂಪಿನಲ್ಲಿ ಬ್ಯಾಕ್ಟೀರಿಯಾ ಸಾಕುವ ಈ ಬಗೆಯ ಫಿಲ್ಟರನ್ನು ಮನೆಮನೆಯ ಟ್ಯಾಂಕಿನ ಕೆಳಗೆ ತಂದು ಕೂರಿಸಿತು.

ಇನ್ನು ನನ್ನ ಕಸುಬಿಗೆ ಬರುತ್ತೇನೆ. ಗಿರಾಕಿ ಮೊದಲು ಮೀನು ಆರಿಸುತ್ತಾರೆ, ಆಮೇಲೆ ಟ್ಯಾಂಕು, ಆಮೇಲೆ ಸೋಫಾದ ಬಣ್ಣಕ್ಕೆ ಒಪ್ಪುವ ಸ್ಟ್ಯಾಂಡು. ಎಲ್ಲ ಮುಗಿದು, ಪೇಂಟ್ ಒಣಗಿದ ಮೇಲೆ ಫೋನ್ ಬರುತ್ತದೆ: "ಅಣ್ಣಾ, ಇದರೊಳಗೆ ಸಂಪು ಇಡಬಹುದಾ?" ಯುದ್ಧಕಾಲೇ ಶಸ್ತ್ರಾಭ್ಯಾಸ. ನನ್ನ ಕೇಳಿದರೆ ಮೊದಲು ಸಂಪು, ಅದರ ಅಳತೆಗೆ ಸ್ಟ್ಯಾಂಡು, ಕೊನೆಗೆ ಮೀನು.

ಲೆಕ್ಕ ಹಾಕಿ ನೋಡೋಣ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು ಎಂದರೆ 9 ಘನ ಅಡಿ, ಹತ್ತಿರಹತ್ತಿರ 255 ಲೀಟರ್. ಗಾಜು, ಮರಳು ಸೇರಿ ಸುಮಾರು 350 ಕಿಲೋ. ಇಷ್ಟು ಭಾರಕ್ಕೆ ಹೆದರಿದ ವೆಲ್ಡರ್ ಸ್ಟ್ಯಾಂಡಿನ ಮುಂಭಾಗದ ನಟ್ಟನಡುವೆ ಒಂದು ಕಾಲು ಕೊಡುತ್ತಾನೆ. ಪಾಪ, ಅವನ ತಪ್ಪಲ್ಲ, ಒಳಗೆ ಏನು ಬರುತ್ತದೆಂದು ಅವನಿಗೆ ಯಾರೂ ಹೇಳಿಲ್ಲ. ಆ ಕಾಲು ಬಂದರೆ ಉಳಿಯುವುದು ಎರಡೂ ಕಡೆ 22 ಇಂಚಿಗೂ ಕಡಿಮೆ ಕಿಂಡಿ. 30 ಇಂಚಿನ ಸಂಪು ಅದರಲ್ಲಿ ನುಗ್ಗುವುದಿಲ್ಲ. ಟ್ಯಾಂಕ್ ಕೂರಿಸುವ ಮುಂಚೆ ಮೇಲಿನಿಂದ ಇಳಿಸಿಬಿಡಬಹುದು, ನಿಜ. ಮುಂದೆ ಸಂಪು ಸೋರಿದರೆ? ಮೀನು, ನೀರು, ಮರಳು ಎಲ್ಲ ತೆಗೆದು ಟ್ಯಾಂಕೇ ಎತ್ತಬೇಕು. ಅದಕ್ಕೇ ನಾನು ನಡುಗಾಲನ್ನು ಹಿಂದಕ್ಕೆ ತಳ್ಳಿ, ಮೇಲಿನ ಅಡ್ಡಪಟ್ಟಿಯನ್ನು ದಪ್ಪ ಮಾಡುತ್ತೇನೆ.

ಎತ್ತರದಲ್ಲೂ ಜಿಪುಣತನ ಬೇಡ. ಸಂಪು ಹಿಡಿಸಿತು ಎಂದರೆ ಸಾಲದು, ಕೈ ಹಿಡಿಸಬೇಕು. 30 ಇಂಚಿನ ಸ್ಟ್ಯಾಂಡಿನಲ್ಲಿ 15 ಇಂಚಿನ ಸಂಪು ಇಟ್ಟರೆ, ಪಟ್ಟಿ, ತಳದ ಹಲಗೆ ಕಳೆದು ಒಂದಡಿಯಷ್ಟು ಜಾಗ ಉಳಿಯುತ್ತದೆ. ಅಷ್ಟಿದ್ದರೆ ಸ್ಪಂಜು ಎತ್ತಿ ತೊಳೆಯುತ್ತೀರಿ. ಇಲ್ಲದಿದ್ದರೆ ನಾಳೆ, ನಾಡಿದ್ದು ಎಂದು ಮುಂದೂಡುತ್ತೀರಿ. ಕ್ಯಾಬಿನೆಟ್ಟಿಗೆ ಎಂಡಿಎಫ್ ಹಾಕಬೇಡಿ, ತೇವಕ್ಕೆ ಊದಿಕೊಳ್ಳುತ್ತದೆ; 710 ಗುರುತಿನ ಮೆರೈನ್ ಪ್ಲೈ ತನ್ನಿ. ಪ್ಲಗ್ ಪಾಯಿಂಟ್ ಸಂಪಿನ ನೆತ್ತಿಯ ಮೇಲೆ ಬೇಡ. ವೈರು ಸಾಕೆಟ್ಟಿಗಿಂತ ಕೆಳಕ್ಕೆ ಒಮ್ಮೆ ಬಳುಕಿ ಮೇಲೆ ಹೋಗಲಿ. ಹನಿ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹರಿಯುವುದಿಲ್ಲ.

ಈಗ ಕರೆಂಟಿನ ವಿಷಯ. ಕರೆಂಟು ಹೋದಾಗ ನೀರು ಎಲ್ಲಿಗೆ ಹೋಗುತ್ತದೆ? ಸ್ಟ್ಯಾಂಡಿಗೆ ಅಳತೆ ತೆಗೆಯುವ ಮೊದಲೇ ಇದನ್ನು ಕೇಳಿಕೊಳ್ಳಬೇಕು. ಪಂಪು ನಿಂತ ಕೂಡಲೇ ಮೇಲಿನ ನೀರು ಸ್ವಲ್ಪ ಇಳಿಯುತ್ತದೆ, ಪೈಪಿನಲ್ಲಿದ್ದದ್ದೂ ಕೆಳಗೆ ಬರುತ್ತದೆ. ನಾನು ಹೇಳಿದ ಟ್ಯಾಂಕಿನಲ್ಲಿ ನೀರು ಒಂದು ಇಂಚು ಇಳಿದರೆ 14 ಲೀಟರ್. ಸಂಪು 30 ಇಂಚು ಉದ್ದ, 12 ಇಂಚು ಅಗಲ. 9 ಇಂಚು ನೀರಿನಲ್ಲಿ ಓಡುತ್ತಿದೆ ಎನ್ನಿ. ಮೇಲೆ 6 ಇಂಚು ಖಾಲಿ, ಅಂದರೆ 35 ಲೀಟರ್ ಜಾಗ. ಎರಡು ಇಂಚು ಇಳಿದರೂ ಚಿಂತೆಯಿಲ್ಲ. ಆದರೆ ನೀರು ವಾಪಸು ಹೋಗುವ ಪೈಪಿನ ಬಾಯಿ ಮೇಲಿನ ಟ್ಯಾಂಕಿನಲ್ಲಿ ನಾಲ್ಕು ಇಂಚು ಮುಳುಗಿದ್ದರೆ, ಅದೇ ಪೈಪು ಸೈಫನ್ ಆಗಿ ನೀರನ್ನು ಹಿಂದಕ್ಕೆ ಎಳೆಯುತ್ತದೆ. ನಾಲ್ಕು ಇಂಚಿಗೆ 56 ಲೀಟರ್. ಹಿಡಿಸದ 21 ಲೀಟರ್ ನಿಮ್ಮ ಹಾಲ್‌ನಲ್ಲಿ.

ಪರಿಹಾರಕ್ಕೆ ಖರ್ಚೇ ಇಲ್ಲ. ಆ ಪೈಪಿಗೆ ನೀರಿನ ಮಟ್ಟದ ಸ್ವಲ್ಪವೇ ಕೆಳಗೆ ಒಂದು ಸಣ್ಣ ತೂತು ಹೊಡೆಯಿರಿ. ನೀರು ತೂತಿನವರೆಗೆ ಇಳಿದಾಗ ಪೈಪಿಗೆ ಗಾಳಿ ನುಗ್ಗಿ ಸೈಫನ್ ಮುರಿಯುತ್ತದೆ. ಆದರೆ ತಿಂಗಳಿಗೊಮ್ಮೆ ಅದನ್ನು ಕಡ್ಡಿ ಹಾಕಿ ನೋಡಿ. ಪಾಚಿ ಕಟ್ಟಿರುತ್ತದೆ, ಇಲ್ಲವೇ ಮೆಣಸಿನಕಾಳಿನಷ್ಟು ಒಂದು ಬಸವನಹುಳು ಸರಿಯಾಗಿ ಅಲ್ಲೇ ಬಂದು ಕೂತಿರುತ್ತದೆ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಅಂಗಡಿಯಲ್ಲಿ ಮಾರುತ್ತಾರೆ. ಹಾಕಿಕೊಳ್ಳಿ, ಆದರೆ ಅದೊಂದನ್ನೇ ನಂಬಿ ಮಲಗಬೇಡಿ. ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ.

ಸಂಘಟಕರಲ್ಲಿ ಒಂದು ಕೋರಿಕೆ. ಸ್ಪರ್ಧೆಯಲ್ಲಿ ಮೀನಿನ ಬಣ್ಣಕ್ಕೆ ಅಂಕವಿದೆ, ಗಿಡಗಳ ಜೋಡಣೆಗೆ ಅಂಕವಿದೆ. ಬಾಗಿಲ ಹಿಂದಿನದಕ್ಕೂ ಹತ್ತು ಅಂಕ ಇಡಿ. ತೀರ್ಪುಗಾರರು ಒಮ್ಮೆ ಮಂಡಿಯೂರಲಿ, ಅವರ ಆರೋಗ್ಯಕ್ಕೂ ಒಳ್ಳೆಯದು.

ದೀಪ ಆಗಲೇ ಬೆಳಗಿಸಿದ್ದೇವೆ. ವೇದಿಕೆಯ ಪಕ್ಕದಲ್ಲಿ ನಾನು ಹೇಳಿದ ಅಳತೆಯ ಟ್ಯಾಂಕೇ ಓಡುತ್ತಿದೆ. ಅದರ ಪಂಪಿನ ಸ್ವಿಚ್ ಹಾಕಿ ಮೇಳಕ್ಕೆ ಚಾಲನೆ ಕೊಡಿ ಎಂದಿದ್ದರು, ನಾನು ಆಗಲೇ ಹಾಕಿಟ್ಟಿದ್ದೇನೆ. ಹಾಕುವುದು ಯಾರಿಗಾದರೂ ಬರುತ್ತದೆ, ನಾನು ಆರಿಸುತ್ತೇನೆ. ಸಂಪಿನ ಗಾಜಿನ ಮೇಲೆ ಕೆಂಪು ಟೇಪಿನ ಗೆರೆ ಅಂಟಿಸಿದ್ದೇನೆ. ನೀರು ಆ ಗೆರೆ ದಾಟಿದರೆ ಕಾಫಿ ಖರ್ಚು ನನ್ನದು. ಮಕ್ಕಳೇ, ಮುಂದೆ ಬನ್ನಿ, ಕೂತು ನೋಡಿ. ಮೇಳ ಉದ್ಘಾಟನೆಯಾಗಿದೆ, ಇದೋ, ಆರಿಸಿದೆ.